ಹಳೇ ವರ್ಷನ್ನಿನಲ್ಲಿ ಉಳಿದವರು

ನಿವೃತ್ತಿಯ ದಿನ ನನಗೆ ಶಾಲು ಹೊದಿಸಿದ ಮ್ಯಾನೇಜರು, 'ಎಂದೂ ಎದುರಾಡದ ಶಿಸ್ತಿನ ಉದ್ಯೋಗಿ' ಎಂದು ಮೈಕಿನಲ್ಲಿ ಹೇಳಿದರು. ಪಾಪ, ಅವರು ಕಂಪನಿಗೆ ಬಂದು ಬಹಳ ದಿನವಾಗಿರಲಿಲ್ಲ. ಯಾರೋ ಬರೆದುಕೊಟ್ಟದ್ದನ್ನು ಓದಿದರು. ನಾನು ಎದುರಾಡಿದ್ದೇನೆ. ಅದೂ ನಾಶಿಕದ ಆಫೀಸಿನ ನಡು ಹಾಲಿನಲ್ಲಿ, ಎಲ್ಲರೂ ಕೇಳುವಂತೆ. ಅದಕ್ಕೆ ಸಿಕ್ಕ ಶಿಕ್ಷೆಯನ್ನೂ ಉಂಡಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ನಿಮಗೆ ಹೇಳಬೇಕೆನಿಸಿದ್ದು ಅದನ್ನೇ. ಬಡ್ತಿ ಯಾವಾಗ ಸಿಕ್ಕಿತು, ಯಾವ ಕುರ್ಚಿಯಿಂದ ಯಾವ ಕುರ್ಚಿಗೆ ಹೋದೆ ಎಂಬುದೆಲ್ಲ ನನಗೇ ನೆನಪಿಲ್ಲ, ನಿಮಗೇಕೆ?

ನನ್ನ ತವರು ಗದಗ. ಗಂಡ ನಾಶಿಕದ ಪಕ್ಕದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಟೆಕ್ನೀಶಿಯನ್. ಟೌನ್‌ಶಿಪ್ಪಿನ ಮನೆಯಲ್ಲಿ ಕೂತು ಬೇಸರ ಬಂದು, ನಾಶಿಕದ ಸಾತಪುರದಲ್ಲಿದ್ದ ಒಂದು ಗೀಸರ್ ಕಂಪನಿಗೆ ಅರ್ಜಿ ಹಾಕಿದೆ. ಮರಾಠಿ ಚೆನ್ನಾಗಿ ಬರೆಯುತ್ತಿದ್ದೆ, ಅದಕ್ಕೇ ತೆಗೆದುಕೊಂಡರು. ನನ್ನ ಕೆಲಸ ಹೇಳಲು ಸುಲಭ: ಗೀಸರ್ ಕೊಂಡವರ ಮನೆಗೆ ಕಂಪನಿಯಿಂದ ಯಾವ ಮಾತು ಯಾವಾಗ ಹೋಗಬೇಕೋ ಅದನ್ನು ಕಳಿಸುವುದು. ಕೊಂಡ ಮೇಲೆ ಧನ್ಯವಾದ, ಆಮೇಲೆ ಸರ್ವಿಸಿನ ನೆನಪು, ದೀಪಾವಳಿಗೆ ಶುಭಾಶಯ. ಈಗ ಇದಕ್ಕೆ ಮಾರ್ಕೆಟಿಂಗ್ ಆಟೊಮೇಶನ್ ಎನ್ನುತ್ತಾರೆ. ಆಗ ನಾವು ಕಾರ್ಡ್ ಹಾಕುವುದು ಎನ್ನುತ್ತಿದ್ದೆವು.

ಕಾರ್ಡ್ ಎಂದರೆ ನಿಜವಾದ ಅಂಚೆ ಕಾರ್ಡೇ. ಅಚ್ಚಾದ ಕಾರ್ಡುಗಳಿಗೆ ಕೈಯಿಂದ ವಿಳಾಸ ಬರೆಯುತ್ತಿದ್ದೆವು. ಅಂಚೆಗೆ ಹೋಗುವ ಮುನ್ನ ಕಟ್ಟಿ ಸಾಹೇಬರು ಪ್ರತಿ ಬಗೆಯ ಒಂದು ಕಾರ್ಡನ್ನು ಎತ್ತಿಕೊಂಡು ಗಟ್ಟಿಯಾಗಿ ಓದುತ್ತಿದ್ದರು. ಅವರು ನಮ್ಮ ವಿಭಾಗದ ಮುಖ್ಯಸ್ಥರು, ಬಾಗಲಕೋಟೆ ಕಡೆಯವರು. ಇಡೀ ಆಫೀಸಿನಲ್ಲಿ ಕನ್ನಡದವರು ಎಂದರೆ ಅವರು ಮತ್ತು ನಾನು. "ಕಂಪನಿಯವರಾಗಿ ಓದಬ್ಯಾಡ್ರಿ ವಿಜಯಾಬಾಯಿ, ಗಿರಾಕಿ ಆಗಿ ಓದ್ರಿ. ಆವಾಗ ತಪ್ಪು ಕಾಣಸ್ತದ" ಎನ್ನುತ್ತಿದ್ದರು. ಇಬ್ಬರು ಓದದೆ ಒಂದು ಕಾರ್ಡೂ ಹೊರಗೆ ಹೋಗಬಾರದು ಎಂಬುದು ಅವರ ನಿಯಮ. ಈ ಕೆಲಸದ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಕಲಿಸಿದವರು ಅವರೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಅವರ ಬಗ್ಗೆ ಬರೆಯುವುದು ಸಿಹಿಯಾಗಿಲ್ಲ.

ಕಾರ್ಡು ಹೋಗಿ ಎಸ್ಸೆಮ್ಮೆಸ್ ಬಂತು. ಎಸ್ಸೆಮ್ಮೆಸ್ ಕಳಿಸುವ ಏಜೆನ್ಸಿಗೆ ನಾವು ಮೊದಲು ಡ್ರಾಫ್ಟ್ ಕೊಡುತ್ತಿದ್ದೆವು, ತಿದ್ದಿದ ಮೇಲೆ ಪಕ್ಕಾ ಪ್ರತಿ ಕೊಡುತ್ತಿದ್ದೆವು. ಒಂದು ಪಾಡ್ವಾ ಹಬ್ಬಕ್ಕೆ, ಎಂದರೆ ನಮ್ಮ ಯುಗಾದಿಗೆ, ಅವರು ಡ್ರಾಫ್ಟನ್ನೇ ಕಳಿಸಿಬಿಟ್ಟರು. ಹೆಸರು ಬರಬೇಕಾದ ಜಾಗದಲ್ಲಿ ಹೆಸರಿರಲಿಲ್ಲ. 'ನಮಸ್ಕಾರ ಗ್ರಾಹಕರ ಹೆಸರು ಜೀ' ಎಂದು ನಾಶಿಕದ ತುಂಬ ಹೋಯಿತು. ಪಂಚವಟಿಯ ಒಬ್ಬ ಪುರೋಹಿತರು ಫೋನ್ ಮಾಡಿ, ಈ ಗ್ರಾಹಕರ ಹೆಸರು ಎಂಬಾತ ಯಾರು, ಅವನ ಹಬ್ಬದ ಶುಭಾಶಯ ನನ್ನ ಫೋನಿಗೆ ಏಕೆ ಬಂತು, ಅವನ ಗೋತ್ರ ಯಾವುದು ಎಂದು ವಿಚಾರಿಸಿದರು. ತಮಾಷೆಯೋ ಸಿಟ್ಟೋ ಇವತ್ತಿಗೂ ತಿಳಿದಿಲ್ಲ. ಮೇಲಿನವರು ನನ್ನನ್ನು ಹಿಡಿದು ಜಾಡಿಸಲು ಬಂದಾಗ ಕಟ್ಟಿ ಸಾಹೇಬರು ಅಡ್ಡ ನಿಂತು, ತಪ್ಪು ಏಜೆನ್ಸಿಯದು, ಈ ಹೆಣ್ಣುಮಗಳದ್ದಲ್ಲ ಎಂದು ಖಡಾಖಂಡಿತ ಹೇಳಿದರು. ಆ ದಿನದಿಂದ ಡ್ರಾಫ್ಟು ನಮ್ಮ ಬಾಗಿಲು ದಾಟಿ ಹೊರಗೆ ಹೋಗಲಿಲ್ಲ.

ಆಮೇಲೆ ಸಾಫ್ಟ್‌ವೇರ್ ಬಂತು. ಗಿರಾಕಿಯ ಹೆಸರು ಸೇರಿಸಿದರೆ ಸಾಕು, ಮುಂದಿನ ಮೆಸೇಜುಗಳೆಲ್ಲ ತಾವಾಗಿಯೇ ತಮ್ಮ ತಮ್ಮ ಹೊತ್ತಿಗೆ ಹೋಗುತ್ತವೆ. ಆ ಸಾಲಿಗೆ ನಾವು ಫ್ಲೋ ಎನ್ನುತ್ತಿದ್ದೆವು. ಫ್ಲೋಗೆ ಎರಡು ಮುಖ. ನೀವು ಕೂತು ತಿದ್ದುವುದು ಡ್ರಾಫ್ಟ್, ಅದು ಯಾರಿಗೂ ಹೋಗುವುದಿಲ್ಲ. ಪಬ್ಲಿಷ್ ಒತ್ತಿದ ಮೇಲೆ ಅದು ಲೈವ್. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಆ ಗುಂಡಿಯ ಮೇಲೇ ಬರೆದು ಅಂಟಿಸಬೇಕೆಂದು ನಾನು ಹೇಳಿದಾಗ ಪುಣೆಯ ಹೆಡ್ಡಾಫೀಸಿನ ಹುಡುಗರು ನಕ್ಕರು. ನಗಲಿ. ಅವರು ಫ್ಲೋಗಳಿಗೆ ಹೆಸರಿಡುತ್ತಿದ್ದ ಚಂದ ನೋಡಬೇಕಿತ್ತು: ವಿಂಟರ್ ಫೈನಲ್, ವಿಂಟರ್ ಫೈನಲ್ ನ್ಯೂ, ವಿಂಟರ್ ಫೈನಲ್ ನ್ಯೂ ಕಾಪಿ. ಯಾವುದು ಲೈವ್ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಒಂದು ವರ್ಷ ದೀಪಾವಳಿ ರಿಯಾಯಿತಿಯ ಫ್ಲೋ ನಿಲ್ಲಿಸುವುದನ್ನು ಮರೆತು, ಅದು ಹೋಳಿಯವರೆಗೂ ರಿಯಾಯಿತಿ ಹಂಚುತ್ತಲೇ ಇತ್ತು. ಔರಂಗಾಬಾದಿನ ನಮ್ಮ ಡೀಲರು, ಆಗಿನ್ನೂ ಊರಿಗೆ ಅದೇ ಹೆಸರಿತ್ತು, ಬಸ್ಸು ಹತ್ತಿ ಬಂದು ನನ್ನ ಮೇಜಿನ ಮುಂದೆ ಕೂತು, ರಿಯಾಯಿತಿ ಕೇಳಿಕೊಂಡು ಬರುವ ಗಿರಾಕಿಗಳನ್ನು ನೀವೇ ಬಂದು ಸಮಾಧಾನ ಮಾಡಿ ಎಂದರು. ಚಹಾ ಕುಡಿಸಿ ಕಳಿಸಿದೆ. ಹೊಸದನ್ನು ಶುರು ಮಾಡಲು ಎಲ್ಲರಿಗೂ ಹುರುಪು, ಹಳೆಯದನ್ನು ನಿಲ್ಲಿಸುವುದು ಯಾರ ಕೆಲಸವೂ ಅಲ್ಲ. ಈ ರೋಗ ಈಗಲೂ ಇದೆ ಎಂದು ಕೇಳಿದ್ದೇನೆ.

ಆ ಹೊತ್ತಿಗೆ ನನ್ನ ಜೊತೆಗೆ ತೇಜಶ್ರೀ ಬಂದಿದ್ದಳು. ಔರಂಗಾಬಾದಿನಲ್ಲಿ ಬೆಳೆದ ಹುಡುಗಿ. ಅಪ್ಪ ಬೀದರದವರು, ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದು ಅಲ್ಲೇ ನೆಲೆ ನಿಂತವರು. ಅವಳಿಗೆ ಕನ್ನಡ ಪೂರಾ ತಿಳಿಯುತ್ತಿತ್ತು, ಆಡಲು ನಾಚಿಕೆ. ಆಫೀಸಿನಲ್ಲಿ ಅವಳದು ಮರಾಠಿಯೇ, ಹೀಗಾಗಿ ಅವಳಿಗೆ ಕನ್ನಡ ಗೊತ್ತೆಂಬುದು ನನ್ನನ್ನು ಬಿಟ್ಟು ಯಾರಿಗೂ ತಿಳಿದಿರಲಿಲ್ಲ. ಕಟ್ಟಿ ಸಾಹೇಬರಿಗೂ ತಿಳಿದಿರಲಿಲ್ಲ. ಅವರಿಗೊಂದು ಅಭ್ಯಾಸವಿತ್ತು. ಹತ್ತು ಜನರ ನಡುವೆ ನನಗೊಬ್ಬಳಿಗೇ ಏನಾದರೂ ಹೇಳಬೇಕಾದರೆ ಕೋಣೆಗೆ ಕರೆಯುತ್ತಿರಲಿಲ್ಲ, ನಿಂತಲ್ಲೇ ಕನ್ನಡಕ್ಕೆ ಹೊರಳುತ್ತಿದ್ದರು. ನಮ್ಮಿಬ್ಬರಿಗೂ ಕನ್ನಡವೇ ಬಾಗಿಲು ಹಾಕಿದ ಕೋಣೆ. ಎಷ್ಟೋ ವರ್ಷ ಅದು ನನಗೆ ಹಿತವಾಗಿಯೇ ಇತ್ತು. ಪರ ಊರಿನಲ್ಲಿ ತವರಿನ ಮಾತು ಕೇಳುವುದು ಯಾರಿಗೆ ಬೇಡ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದುವರೆಗೆ ಕರೆಂಟಿನ ಗೀಸರ್ ಮಾತ್ರ ಮಾಡುತ್ತಿದ್ದ ಕಂಪನಿ ಆ ವರ್ಷ ಗ್ಯಾಸ್ ಗೀಸರ್ ತಂದಿತು. ಹಬ್ಬದೊಳಗೆ ಅದರ ಫ್ಲೋ ಲೈವ್ ಆಗಬೇಕೆಂದು ಪುಣೆಯಿಂದ ಅವಸರ. ಹೊಸದಾಗಿ ಬರೆಯಲು ಪುರಸೊತ್ತಿಲ್ಲ, ಕರೆಂಟ್ ಗೀಸರಿನ ಫ್ಲೋವನ್ನೇ ಕಾಪಿ ಮಾಡಿ ಹೆಸರು ಮತ್ತು ಫೋಟೋ ಬದಲಿಸು ಎಂದು ತೇಜಶ್ರೀಗೆ ಹೇಳಿದರು. ಅವಳು ಹೇಳಿದಷ್ಟು ಮಾಡಿದಳು. ಇಬ್ಬರು ಓದಬೇಕೆಂಬ ನಿಯಮವನ್ನು ಮಾಡಿದ ಸಾಹೇಬರೇ ಅದನ್ನು ಬದಿಗಿಟ್ಟು, ನನಗೂ ತೋರಿಸದೆ ಮಂಜೂರು ಮಾಡಿದರು.

ಕಾಪಿ ಮಾಡಿದ ಆ ಫ್ಲೋದಲ್ಲಿ ಚಳಿಗಾಲಕ್ಕೆಂದು ಒಂದು ಮೆಸೇಜ್ ಇತ್ತು. 'ಚಳಿಗಾಳಿಯನ್ನು ಒಳಗೆ ಬಿಡಬೇಡಿ. ಕಿಟಕಿ ಮುಚ್ಚಿ, ನಿಶ್ಚಿಂತೆಯಿಂದ ಬಿಸಿನೀರಿನ ಸ್ನಾನ ಮಾಡಿ.' ಕರೆಂಟಿನ ಗೀಸರಿಗೆ ಇದರಿಂದ ಏನೂ ಕೇಡಿಲ್ಲ. ಗ್ಯಾಸ್ ಗೀಸರಿಗೆ ಇದು ಸಾವಿನ ಮಾತು. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಉರಿದರೆ ವಿಷಗಾಳಿ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಕಿಟಕಿ ತೆರೆದೇ ಇರಬೇಕೆಂದು ಗೀಸರಿನ ಡಬ್ಬಿಯೊಳಗಿನ ಪುಸ್ತಕದಲ್ಲಿ ನಾವೇ ಅಚ್ಚು ಹಾಕಿಸಿದ್ದೆವು. ಆ ಪುಸ್ತಕವನ್ನು ಯಾರು ಓದುತ್ತಾರೆ? ಫೋನಿಗೆ ಬಂದ ಮೆಸೇಜ್ ಓದುತ್ತಾರೆ. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ವೈಜಾಪುರದಿಂದ ಫೋನ್ ಬಂತು. ಅಲ್ಲಿ ಬೀಜದ ಅಂಗಡಿ ಇಟ್ಟಿದ್ದವರೊಬ್ಬರು, ಮೆಸೇಜ್ ಬರೆಯುವವರ ಜೊತೆಗೇ ಮಾತಾಡಬೇಕು ಎಂದು ಹಟ ಹಿಡಿದದ್ದರಿಂದ ನನಗೆ ಕೊಟ್ಟರು. ಅವರು ಕೂಗಾಡಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು. ಹೆಂಡತಿ ಸುನಂದಾ ಸ್ನಾನಕ್ಕೆ ಹೋದವಳು ಹೊರಗೆ ಬರಲಿಲ್ಲವಂತೆ. ಬಾಗಿಲು ಒಡೆದು ಎತ್ತಿಕೊಂಡು ಆಸ್ಪತ್ರೆಗೆ ಓಡಿದರಂತೆ. ಜೀವ ಉಳಿದಿದೆ, ಇನ್ನೂ ಮಂಕಾಗಿ ಕೂತಿರುತ್ತಾಳೆ ಎಂದರು. ಡಾಕ್ಟರು ಕಿಟಕಿ ಏಕೆ ಮುಚ್ಚಿದಿರಿ ಎಂದು ಬೈದರಂತೆ. "ಕಂಪನಿಯವರೇ ಮುಚ್ಚಿ ಅಂತ ಕಳಿಸಿದ್ದಾರೆ ಅಂತ ಅವಳು ಹೇಳ್ತಿದ್ದಾಳೆ ತಾಯಿ, ಬುದ್ಧಿ ನೆಟ್ಟಗಿಲ್ಲದೆ ಹಾಗೆ ಹೇಳ್ತಿದ್ದಾಳೋ, ನಿಜವಾಗಿಯೂ ನೀವು ಕಳಿಸಿದ್ದೀರೋ?" ಎಂದು ಕೇಳಿದರು.

ನಾನು ಲೈವ್ ಫ್ಲೋ ತೆರೆದು ಓದಿದೆ. ಆ ಸಾಲು ಅಲ್ಲೇ ಇತ್ತು. ಕಳಿಸಿದ್ದೇವೆ, ಅವರ ಬುದ್ಧಿ ನೆಟ್ಟಗಿದೆ ಎಂದು ಹೇಳಿದೆ. ಹಾಗೆ ಒಪ್ಪಿಕೊಳ್ಳಬಾರದಿತ್ತು ಎಂದು ಆಮೇಲೆ ಹಲವರು ಹೇಳಿದರು. ಬದುಕಿ ಬಂದ ಹೆಂಗಸನ್ನು ಮರುಳಿ ಎನ್ನಿಸಿ ಕಂಪನಿಯ ಮಾನ ಉಳಿಸುವ ಚಾಕರಿ ನನ್ನದಾಗಿರಲಿಲ್ಲ.

ಕೂತಲ್ಲೇ ಹೊಸ ಡ್ರಾಫ್ಟ್ ಬರೆದೆ. 'ಗ್ಯಾಸ್ ಗೀಸರ್ ಉರಿಯುವಾಗ ಬಚ್ಚಲಿನ ಕಿಟಕಿ ತೆರೆದೇ ಇರಲಿ. ಮುಚ್ಚಿದರೆ ಜೀವಕ್ಕೆ ಅಪಾಯ. ಕಿಟಕಿ ಮುಚ್ಚಿ ಎಂದು ಹಿಂದೆ ಕಳಿಸಿದ ಮೆಸೇಜ್ ತಪ್ಪು.' ಮಂಜೂರಿಗೆ ಕಟ್ಟಿ ಸಾಹೇಬರಿಗೆ ಕಳಿಸಿದೆ. ಮಧ್ಯಾಹ್ನವಾದರೂ ಉತ್ತರವಿಲ್ಲ. ಹೋಗಿ ಕೇಳಿದ್ದಕ್ಕೆ, ಪುಣೆಯ ವಕೀಲರ ಜೊತೆ ಮಾತು ನಡೆದಿದೆ ಎಂದರು. ಸಂಜೆಯ ಹೊತ್ತಿಗೆ ಕಟ್ಟಿ ಸಾಹೇಬರೇ ನನ್ನ ಮೇಜಿನ ಬಳಿ ಬಂದು ನಿಂತರು. ಹಾಲಿನಲ್ಲಿ ಎಲ್ಲರೂ ಇದ್ದರು. ಅವರು ಕನ್ನಡಕ್ಕೆ ಹೊರಳಿದರು.

"ವಿಜಯಾಬಾಯಿ, ಅದು ಡ್ರಾಫ್ಟಿನ್ಯಾಗs ಇರ್ಲಿ. ಈಗ ಬದಲು ಮಾಡಿದ್ರ ತಪ್ಪು ನಮ್ದು ಅಂತ ನಾವs ಬರಕೊಟ್ಟಂಗ ಆಗ್ತದ. ಚಳಿಗಾಲ ಮುಗೀಲಿ, ಸದ್ದಿಲ್ಲದ ಬದಲು ಮಾಡೂಣು. ನಾವೂ ನೀವೂ ಒಂದs ಕಡೆ ಮಂದಿ, ತಿಳಕೊಳ್ರಿ."

ಒಂದೇ ಕಡೆಯ ಮಂದಿ ಎಂದದ್ದು ನನ್ನ ನೆತ್ತಿಗೆ ಏರಿತು. ನನ್ನ ತಾಯಿಯ ಮಾತಿನಲ್ಲಿ, ನನ್ನನ್ನು ತವರಿನವಳೆಂದು ಕರೆದು, ಜನ ಸತ್ತರೆ ಸಾಯಲಿ ಎಂದು ಹೇಳುತ್ತಿದ್ದರು. ಯಾರಿಗೂ ತಿಳಿಯದಿರಲಿ ಎಂದು ಕನ್ನಡದಲ್ಲಿ ಹೇಳುತ್ತಿದ್ದರು. ನಾನು ಎದ್ದು ನಿಂತೆ. ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅವರ ಕನ್ನಡಕ್ಕೆ ಮರಾಠಿಯಲ್ಲಿ ಉತ್ತರ ಕೊಟ್ಟೆ, ಹಾಲಿನ ಆ ತುದಿಗೂ ಕೇಳುವಂತೆ.

"ಸಾಹೇಬರೇ, ಗ್ಯಾಸ್ ಗೀಸರ್ ಕೊಂಡವರಿಗೆಲ್ಲ ಕಿಟಕಿ ಮುಚ್ಚಿ ಎಂದು ನಾವು ಕಳಿಸುತ್ತಿದ್ದೇವೆ. ವೈಜಾಪುರದಲ್ಲಿ ಒಬ್ಬ ಹೆಂಗಸು ಸಾಯುವುದರಲ್ಲಿದ್ದಳು. ಚಳಿಗಾಲ ಮುಗಿಯುವವರೆಗೆ ಇದನ್ನು ಬದಲಿಸಬಾರದು ಎಂದು ನೀವು ಹೇಳುತ್ತಿದ್ದೀರಿ. ನಾನು ಬದಲಿಸುತ್ತೇನೆ."

ಅಕೌಂಟ್ಸಿನವರೊಬ್ಬರು ಎದ್ದು ನಿಂತು, ನಮ್ಮ ಅಣ್ಣನ ಮನೆಗೆ ಇದೇ ಗೀಸರ್ ಕೊಡಿಸಿದ್ದೇನೆ ಎಂದು ಹೇಳಿ ಫೋನ್ ಹಿಡಿದು ಹೊರಗೆ ಓಡಿದರು. ಸಾಹೇಬರು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಮೋಸ ಹೋದವರ ನೋವಿತ್ತು. ನನಗೆ ಮರುಕ ಹುಟ್ಟಲಿಲ್ಲ. ಮಂಜೂರಿ ಇಲ್ಲದೆಯೇ ಕೂತು ಪಬ್ಲಿಷ್ ಒತ್ತಿದೆ.

ಗೆದ್ದೆ ಎಂದುಕೊಂಡು ಮನೆಗೆ ಹೋದೆ. ಮರುದಿನ ಬೆಳಿಗ್ಗೆ ತೇಜಶ್ರೀ ನನಗಿಂತ ಮೊದಲೇ ಬಂದು ಕಂಪ್ಯೂಟರಿನ ಮುಂದೆ ಕೂತಿದ್ದಳು. ಆಫೀಸಿನಲ್ಲಿ ಮೊದಲ ಬಾರಿಗೆ ಅವಳ ಬಾಯಲ್ಲಿ ಮರಾಠಿ ಬೆರೆತ ಕನ್ನಡ ಕೇಳಿದೆ.

"ಮೇಡಂ, ಜುನಾ ವರ್ಷನ್‌ದಾಗ ಲೋಕ ಇನ್ನೂ ಅದಾರ. ಅವರಿಗೆ ಹೊಸದು ಹೋಗಂಗಿಲ್ಲ. ಇವತ್ತ್ ಸಕಾಳೀ ಮತ್ತ ಖಿಡಕಿ ಮುಚ್ರಿ ಅಂತನs ಹೋಗೇದ."

ಹೊಸಬರು ಇದನ್ನು ಗಮನವಿಟ್ಟು ಓದಿ, ಏಕೆಂದರೆ ಈ ಕೆಲಸದಲ್ಲಿರುವವರು ಮಾತ್ರ ಮಾಡುವ ತಪ್ಪು ಇದು. ತಿದ್ದಿದ ಫ್ಲೋವನ್ನು, ಎಂದರೆ ಹೊಸ ವರ್ಷನ್ನನ್ನು, ಪಬ್ಲಿಷ್ ಮಾಡಿದರೆ ಅದು ಇನ್ನು ಮುಂದೆ ಸೇರುವವರಿಗೆ ಮಾತ್ರ. ಮೊದಲೇ ಸೇರಿದವರು ಹಳೆಯ ವರ್ಷನ್ನಿನಲ್ಲೇ ಕೊನೆಯವರೆಗೆ ಸಾಗುತ್ತಾರೆ. ನಾಶಿಕದ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡ್ ಬದಲಿಸಿದರೆ, ಆಗಲೇ ದಾರಿಯ ಯೇವಲಾ ಊರು ದಾಟಿದ ಬಸ್ಸು ತಿರುಗಿ ಬರುತ್ತದೆಯೇ? ನಮ್ಮ ಗೀಸರ್ ಆಗಲೇ ಬಚ್ಚಲಿನಲ್ಲಿ ತೂಗುಹಾಕಿಕೊಂಡವರೆಲ್ಲ ಆ ಬಸ್ಸಿನಲ್ಲೇ ಇದ್ದರು. ನಾನು ಕಾಪಾಡಿದ್ದು ಇನ್ನೂ ಗೀಸರ್ ಕೊಳ್ಳದವರನ್ನು.

ಉಳಿದದ್ದು ಒಂದೇ ದಾರಿ. ಹಳೆಯ ವರ್ಷನ್ ಪೂರ್ತಿ ನಿಲ್ಲಿಸಬೇಕು. ನಿಲ್ಲಿಸಿದರೆ ಸರ್ವಿಸ್ ಕರಾರಿನ ಮೆಸೇಜುಗಳೂ ನಿಲ್ಲುತ್ತವೆ, ಸೀಸನ್ನಿನ ವ್ಯಾಪಾರ ನೆಲಕಚ್ಚುತ್ತದೆ. ನಾನು ಎರಡು ಸಲ ಯೋಚಿಸಲಿಲ್ಲ. ನಿಲ್ಲಿಸಿದೆ. ಆಮೇಲೆ ಗ್ಯಾಸ್ ಗೀಸರ್ ಕೊಂಡ ಪ್ರತಿಯೊಬ್ಬರಿಗೂ ಕಿಟಕಿ ತೆರೆಯಿರಿ ಎಂಬ ಮೆಸೇಜನ್ನು ಪ್ರತ್ಯೇಕವಾಗಿ ಕಳಿಸಲು ಕೂತೆ. ಕಳಿಸುವ ಮುನ್ನ ತೇಜಶ್ರೀಗೆ ಓದಿಸಿದೆ, ಗಿರಾಕಿಯಾಗಿ ಓದು ಎಂದೆ. ಕೊನೆಯಲ್ಲಿ ಫೋನ್ ನಂಬರ್ ಇಲ್ಲ, ಹೆದರಿದವರು ಯಾರನ್ನು ಕೇಳಬೇಕು ಎಂದಳು. ನನ್ನ ಮೇಜಿನ ನಂಬರ್ ಹಾಕಿ ಕಳಿಸಿದೆವು.

ಇಡೀ ದಿನ ಫೋನ್ ಹೊಡೆದುಕೊಂಡಿತು. ಕೆಲವರು ಬೈದರು, ಕೆಲವರು ಗೀಸರ್ ವಾಪಸು ತೆಗೆದುಕೊಳ್ಳಿ ಎಂದರು. ಓಝರ್‌ನ ನಮ್ಮ ಟೌನ್‌ಶಿಪ್ಪಿನವರೇ ಒಬ್ಬರು ನನ್ನ ದನಿ ಗುರುತು ಹಿಡಿದು, ವಿಜಯಕ್ಕಾ, ನಮ್ಮ ಮುದುಕಿ ಈಗಷ್ಟೇ ಸ್ನಾನಕ್ಕೆ ಹೋಗ್ಯಾಳ ಎಂದವರು, ಫೋನ್ ಕೈಬಿಟ್ಟು ಓಡಿದ್ದು ಕೇಳಿಸಿತು. ನಾನು ಕಿವಿಗೆ ಫೋನ್ ಒತ್ತಿಕೊಂಡೇ ಕೂತೆ. ಬಾಗಿಲು ಬಡಿಯುವ ಸದ್ದು, ಆಮೇಲೆ ಮುದುಕಿ ಫೋನ್ ಮಾಡಿದ ಸೊಸೆಯನ್ನು ಬಾಯಿತುಂಬ ಬೈಯುವ ಸದ್ದು ಕೇಳಿತು. ಆ ಬೈಗುಳ ಕೇಳಿ ನನಗೆ ಅಳು ಬಂತು.

ಸಾಹೇಬರು ಈ ಸಲ ಕೋಣೆಗೆ ಕರೆದರು. ಮುಂದೆ ಒಂದು ಹಾಳೆ ಇಟ್ಟರು. ಕಣ್ತಪ್ಪಿನಿಂದ ಮೆಸೇಜ್ ಕಳಿಸಿದ್ದೇನೆ ಎಂದು ನಾನು ಸಹಿ ಹಾಕಬೇಕು. ಹಾಕಿದರೆ ಕೆಲಸಕ್ಕೆ ಏನೂ ಆಗದಂತೆ ನೋಡಿಕೊಳ್ಳುತ್ತೇನೆ ಎಂದರು, ಅದು ನಿಜವೂ ಆಗಿತ್ತು. ಮುಂದೇನು ಮಾಡುತ್ತೀರಿ ಎಂದು ಕೇಳಿದೆ. ಹಿಂದಿನ ಮೆಸೇಜನ್ನು ಕಡೆಗಣಿಸಿ ಎಂದು ಪುಣೆಯಿಂದ ಎಲ್ಲರಿಗೂ ಹೋಗುತ್ತದೆ ಎಂದರು. ಎಂದರೆ ನನ್ನ ಸಹಿ ಬಿದ್ದ ಕೂಡಲೇ ಕಿಟಕಿಗಳು ಮತ್ತೆ ಮುಚ್ಚಿಕೊಳ್ಳುತ್ತಿದ್ದವು.

"ಕಣ್ತಪ್ಪಿ ಅಲ್ಲರಿ, ಕಣ್ಣು ತೆರದs ಕಳಿಸೀನಿ" ಎಂದೆ. "ಹಂಗಂತ ಬರೀರಿ, ಈಗs ಸಹಿ ಮಾಡ್ತೀನಿ."

ಸಾಹೇಬರು ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡರು. ತೇಜಶ್ರೀಯನ್ನು ಕರೆದು ಅದೇ ಹಾಳೆಗೆ ಅವಳ ಸಹಿ ಕೇಳಿದರು. ಅವಳು ಅಚ್ಚ ಬೀದರದ ಕನ್ನಡದಲ್ಲಿ ಆಗೂದಿಲ್ಲರಿ ಎಂದಳು. ಹಿಂದಿನ ದಿನ ಹಾಲಿನಲ್ಲಿ ತಾವಾಡಿದ್ದೆಲ್ಲ ಈ ಹುಡುಗಿಗೆ ತಿಳಿದಿದೆ ಎಂಬುದು ಆಗ ಅವರಿಗೆ ಹೊಳೆಯಿತು. ಪುಣೆಯಿಂದ ಆ ಇನ್ನೊಂದು ಮೆಸೇಜ್ ಹೋಗಲೇ ಇಲ್ಲ. ಸಹಿ ಹಾಕಿ ಹೊಣೆ ಹೊರುವವರು ಯಾರೂ ಸಿಗಲಿಲ್ಲ.

ನನಗೆ ಔರಂಗಾಬಾದಿಗೆ ವರ್ಗವಾಯಿತು. ಗಂಡ ಓಝರ್‌ನಲ್ಲಿ, ನಾನು ಅಲ್ಲಿ. ಊರಿಗೆ ಮರಳಬೇಕೆಂದು ತೇಜಶ್ರೀ ಕೇಳಿ ಕೇಳಿ ಸೋತಿದ್ದ ಜಾಗ ನನಗೆ ಶಿಕ್ಷೆಯಾಗಿ ಸಿಕ್ಕಿತು. ಅವಳು ನಕ್ಕು, ತಾನೇ ಮೊದಲು ಎದುರಾಡಿದ್ದರೆ ಚೆನ್ನಾಗಿತ್ತು ಎಂದಳು. ಪಬ್ಲಿಷ್ ಒತ್ತುವ ಅಧಿಕಾರವನ್ನು ನನ್ನಿಂದ ಕಿತ್ತುಕೊಂಡರು, ನಿವೃತ್ತಿಯವರೆಗೂ ಕೊಡಲಿಲ್ಲ. ಕೊಡದಿದ್ದರೆ ಬೇಡ. ಬೇಕಾದ ದಿನ ಒತ್ತಿ ಆಗಿತ್ತು.

ಔರಂಗಾಬಾದಿಗೆ ಹೊರಟ ದಿನ ದಾರಿಯಲ್ಲಿ ವೈಜಾಪುರದಲ್ಲಿ ಇಳಿದೆ. ಬೀಜದ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ, ಮನೆ ಅದರ ಹಿಂದೆಯೇ ಇತ್ತು. ಸುನಂದಾ ಚೇತರಿಸಿಕೊಂಡಿದ್ದಳು. ನಾನು ಯಾರೆಂದು ತಿಳಿದ ಮೇಲೆ ಕೂರಲು ಹೇಳಲಿಲ್ಲ, ನೀರೂ ಕೊಡಲಿಲ್ಲ. ಕೈ ಸನ್ನೆ ಮಾಡಿ ಬಚ್ಚಲಿನ ಕಡೆ ಕರೆದುಕೊಂಡು ಹೋದಳು. ಕಿಟಕಿಯ ಜಾಗದಲ್ಲಿ ಬರೀ ಚೌಕಟ್ಟಿತ್ತು. ಅದರ ಬಾಗಿಲುಗಳನ್ನು ತಿರುಪು ಬಿಚ್ಚಿ ತೆಗೆದಿರಲಿಲ್ಲ, ಕಿತ್ತಿದ್ದರು. ಮರ ಸೀಳಿದ್ದು ಕಾಣುತ್ತಿತ್ತು.

"ಮೊದಲು ಮುಚ್ಚಿ ಅಂದಿರಿ" ಎಂದಳು ಮರಾಠಿಯಲ್ಲಿ. "ಆಮೇಲೆ ತೆರೆಯಿರಿ ಅಂದಿರಿ. ನಾಳೆ ಮತ್ತೆ ಮುಚ್ಚಿ ಅನ್ನಬಹುದು. ಅದಕ್ಕೆ ನಾನೇ ಕಿತ್ತು ಹಾಕಿದೆ. ಇನ್ನು ನೀವು ಏನೇ ಕಳಿಸಿದರೂ ಇದು ಮುಚ್ಚುವುದಿಲ್ಲ."

ಎರಡನೆಯದನ್ನು ಕಳಿಸಿದವಳು ನಾನು, ಅದಕ್ಕಾಗಿ ಮನೆ ಬಿಟ್ಟು ಹೊರಟಿದ್ದೇನೆ ಎಂದು ಹೇಳಬೇಕೆಂದೇ ನಾನು ಬಸ್ಸಿಳಿದಿದ್ದೆ. ಹೇಳಲಿಲ್ಲ. ನೀವು ಮಾಡಿದ್ದೇ ಸರಿ, ನಮ್ಮನ್ನು ಇನ್ನು ನಂಬಬೇಡಿ ಎಂದು ಹೇಳಿ ಮುಂದಿನ ಬಸ್ಸು ಹಿಡಿದೆ.